ಅಪ್ಪನಿಗೆ ಮಾತು ಬರುತ್ತಿಲ್ಲ, ಪದ್ಯ ಬರುತ್ತಿದೆ. ಮಿದುಳಿನಲ್ಲಿ ಏನಾಗಿದೆ?

ತೋಟದಮನೆ · ಜೂನ್ 14, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಅಪ್ಪನಿಗೆ 67 ವರ್ಷ. ಅಡಿಕೆ ತೋಟ, ಜೊತೆಗೆ ಮಳೆಗಾಲದ ತಾಳಮದ್ದಲೆಗಳಲ್ಲಿ ಭಾಗವತಿಕೆ. ಹವ್ಯಾಸಿಯೇ, ಆದರೂ ಸುತ್ತಲಿನ ನಾಲ್ಕೂರಲ್ಲಿ ಹೆಸರಿದೆ. ಕಳೆದ ತಿಂಗಳು ಒಂದು ಬೆಳಗ್ಗೆ ಚಹಾ ಕುಡಿಯುತ್ತಿದ್ದಾಗ ಲೋಟ ಕೈಯಿಂದ ಜಾರಿತು. ಬಾಯಿ ಒಂದು ಕಡೆ ವಾಲಿತು. ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ಹತ್ತಿರದ ಒಂದು ಆಸ್ಪತ್ರೆಯಲ್ಲಿ "ಬಿಪಿ ಜಾಸ್ತಿ ಆಗಿದೆ, ಇಳಿದರೆ ಸರಿಹೋಗುತ್ತದೆ" ಎಂದು ಡ್ರಿಪ್ ಹಾಕಿ ಮೂರು ಗಂಟೆ ಮಲಗಿಸಿಕೊಂಡರು. ಆಮೇಲೆ ನಾವೇ ಗಲಾಟೆ ಮಾಡಿ ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ನೂರು ಕಿಲೋಮೀಟರ್ ದಾರಿ. ಅಲ್ಲಿ ಸಿ.ಟಿ. ಮಾಡಿ, ಎಡ ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ, ಅದನ್ನು ಕರಗಿಸುವ ಇಂಜೆಕ್ಷನ್ ಕೊಡುವ ಹೊತ್ತು ಮೀರಿದೆ ಅಂದರು.

ಈಗ ಮನೆಯಲ್ಲಿದ್ದಾರೆ. ಕಾಲೆಳೆದುಕೊಂಡು ನಡೆಯುತ್ತಾರೆ. ಕೈ ಇನ್ನೂ ಏಳುತ್ತಿಲ್ಲ. ಮಾತಂತೂ ಪೂರ್ತಿ ನಿಂತಿದೆ. ನೀರು ಬೇಕಾದರೆ "ಅದು… ಅದು…" ಅನ್ನುತ್ತಾರೆ. ಪದ ಸಿಗದೆ ಎಡಗೈಯಿಂದ ತೊಡೆಗೆ ಹೊಡೆದುಕೊಳ್ಳುತ್ತಾರೆ.

ನಿನ್ನೆ ಸಂಜೆ ಅಪ್ಪನ ಜೊತೆ ಮದ್ದಲೆ ಬಾರಿಸುತ್ತಿದ್ದವರು ನೋಡಲು ಬಂದಿದ್ದರು. ಏನು ಮಾತಾಡುವುದು ಎಂದು ತೋಚದೆ ಜಗಲಿಯಲ್ಲಿ ಕೂತು, ಸುಮ್ನೆ ತೊಡೆಯ ಮೇಲೆ ತಾಳ ಹಾಕುತ್ತಾ ಒಂದು ಪದ್ಯದ ಮೊದಲ ಸಾಲು ಗುನುಗಿದರು. ಎರಡನೇ ಸಾಲನ್ನು ಅಪ್ಪ ಎತ್ತಿಕೊಂಡರು! ರಾಗ ಮಾತ್ರ ಅಲ್ಲ, ಸಾಹಿತ್ಯ ಸಮೇತ. ರಥ, ಬಾಣ, ಸಾರಥಿ ಎಲ್ಲ ಸಲೀಸಾಗಿ ಬಂತು. ಪದ್ಯ ಪೂರ್ತಿ ಮುಗಿಸಿದರು. ಅಮ್ಮ ಒಗ್ಗರಣೆ ಸೌಟು ಹಿಡಿದುಕೊಂಡೇ ಓಡಿ ಬಂದರು. "ಈಗ ನೀರು ಅನ್ನಿ ನೋಡುವ" ಅಂದರು.

"ಅದು… ಅದು…"

ಊರಲ್ಲಿ ಈಗ ಎರಡು ಪಕ್ಷ. ಒಂದು ಪಕ್ಷ, ದೇವರ ದಯೆ ಅನ್ನುತ್ತದೆ. ಇನ್ನೊಂದು, "ಹಾಡೋಕೆ ಬರುವವರಿಗೆ ಮಾತು ಬರೋದಿಲ್ವಾ? ಹಟ ಅಷ್ಟೆ" ಅನ್ನುತ್ತದೆ. ಈ ಎರಡನೆಯದು ಕೇಳಿ ನನಗೆ ರಾತ್ರಿ ನಿದ್ದೆ ಬಂದಿಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ, ಒಳಗೆ ಏನಾಗಿದೆ?

ಮಾತಿನಮನೆ · ಜೂನ್ 14, ರಾತ್ರಿ 11:25

ನಾನು ಸ್ಪೀಚ್ ಥೆರಪಿಸ್ಟ್. ಓದಿದ್ದು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. ಮೊದಲು ಒಂದು ಮಾತು: ನಿಮ್ಮ ತಂದೆ ಹಟ ಮಾಡುತ್ತಿಲ್ಲ. ಆ ಪಕ್ಷದವರಿಗೆ ಇದನ್ನೇ ತೋರಿಸಿ.

ನೀವು ಹೇಳಿದ್ದಕ್ಕೆ ಅಫೇಸಿಯಾ ಅನ್ನುತ್ತಾರೆ. ನಾಲಿಗೆಗೆ ಏನೂ ಆಗಿರುವುದಿಲ್ಲ, ಗಂಟಲಿಗೂ ಏನೂ ಆಗಿರುವುದಿಲ್ಲ. ಹೇಳಬೇಕಾದ ವಿಷಯವೂ ತಲೆಯಲ್ಲಿ ಇರುತ್ತದೆ. ಆ ವಿಷಯವನ್ನು ಪದವಾಗಿ ಜೋಡಿಸಿ ಬಾಯಿಗೆ ಕಳಿಸುವ ಜಾಗಕ್ಕೆ ಪೆಟ್ಟು ಬಿದ್ದಿರುತ್ತದೆ. ಬಲಗೈಯಲ್ಲಿ ಬರೆಯುವವರಲ್ಲಿ ನೂರಕ್ಕೆ 95ರಷ್ಟು ಮಂದಿಗೆ ಆ ಜಾಗ ಎಡಭಾಗದಲ್ಲೇ ಇರುತ್ತದೆ. ಹಾಡಿಗೆ ಎರಡೂ ಕಡೆಯ ಮಿದುಳು ಕೈಜೋಡಿಸುತ್ತದೆ, ಬಲಭಾಗದ ಪಾಲು ದೊಡ್ಡದು. ಹಾಗಾಗಿ ಒಂದು ಕಡೆ ಕೆಟ್ಟರೂ ಹಾಡು ಪೂರ್ತಿ ಹೋಗುವುದಿಲ್ಲ.

ಇದು ಹೊಸದಾಗಿ ಕಂಡದ್ದೂ ಅಲ್ಲ. 1745ರಲ್ಲೇ ಸ್ವೀಡನ್ನಿನ ಓಲೋಫ್ ದಾಲಿನ್ ಎಂಬುವರು ಇಂಥದ್ದೇ ಒಬ್ಬ ರೋಗಿಯ ಬಗ್ಗೆ ಬರೆದಿದ್ದಾರೆ. ಬಲಗಡೆ ಬಿದ್ದುಹೋಗಿದೆ, ಮಾತಿಲ್ಲ, ಆದರೆ ಚರ್ಚಿನಲ್ಲಿ ಕಲಿತ ಭಕ್ತಿಗೀತೆಗಳನ್ನು ಸ್ಪಷ್ಟವಾಗಿ ಹಾಡುತ್ತಾನೆ. ನಿಮ್ಮ ಜಗಲಿಯಲ್ಲಿ ನಡೆದದ್ದೇ ಅಲ್ವಾ?

ಒಂದು ಪ್ರಶ್ನೆ. ನೀವು ಹೇಳಿದ್ದು ಅವರಿಗೆ ಅರ್ಥ ಆಗುತ್ತದಾ? ಕೈಸನ್ನೆ ಮಾಡದೆ, ಆ ಕಡೆ ಕಣ್ಣೂ ಹಾಯಿಸದೆ "ಕಿಟಕಿ ತೋರಿಸಿ", "ಮೊದಲು ಲೋಟ ಮುಟ್ಟಿ, ಆಮೇಲೆ ಕವಳದ ತಟ್ಟೆ ಮುಟ್ಟಿ" ಎಂದು ಹೇಳಿ ನೋಡಿ.

ತೋಟದಮನೆ · ಜೂನ್ 15, ಬೆಳಗ್ಗೆ 7:05

ಮೇಡಂ, ಮಾಡಿ ನೋಡಿದೆ. ಕಿಟಕಿ ತೋರಿಸಿದರು. ಲೋಟ ಮುಟ್ಟಿದರು, ಕವಳದ ತಟ್ಟೆ ಮುಟ್ಟಿದರು. ಮೂರನೆಯದು ಕೇಳುವಷ್ಟರಲ್ಲಿ "ನಾನೇನು ಸಣ್ಣ ಮಗುವಾ" ಅನ್ನುವ ಹಾಗೆ ನೋಡಿದರು. ಅಲ್ಲಿಗೆ ನಿಲ್ಲಿಸಿದೆ.

ಮಾತಿನಮನೆ · ಜೂನ್ 15, ಬೆಳಗ್ಗೆ 9:30

ಆ ನೋಟ ಒಳ್ಳೆಯ ಲಕ್ಷಣ. ಅರ್ಥ ಆಗುತ್ತಿದೆ, ಹೇಳಲು ಮಾತ್ರ ಆಗುತ್ತಿಲ್ಲ. ಇದಕ್ಕೆ ಬ್ರೋಕಾ ಅಫೇಸಿಯಾ ಅನ್ನುವುದು ರೂಢಿ. ಇನ್ನೊಂದು ಬಗೆಯಲ್ಲಿ ಮಾತು ನೀರಿನ ಹಾಗೆ ಹರಿಯುತ್ತದೆ, ಆದರೆ ಒಂದಕ್ಕೊಂದು ಸಂಬಂಧ ಇರುವುದಿಲ್ಲ, ಕೇಳಿದ್ದೂ ಸರಿಯಾಗಿ ತಲೆಗೆ ಹೋಗುವುದಿಲ್ಲ. ಅದನ್ನು 1874ರಲ್ಲಿ ವೆರ್ನಿಕೆ ಎಂಬ 26 ವರ್ಷದ ಜರ್ಮನ್ ಡಾಕ್ಟರ್ ಗುರುತಿಸಿದರು. ಅಂಥವರನ್ನು ಮನೆಯವರು "ತಲೆ ಕೆಟ್ಟಿದೆ" ಎಂದು ಮಾನಸಿಕ ರೋಗದ ವಿಭಾಗಕ್ಕೆ ಕರೆದುಕೊಂಡು ಹೋಗುವುದೂ ಉಂಟು.

ನಿವೃತ್ತ ಮೇಷ್ಟ್ರು · ಜೂನ್ 15, ಮಧ್ಯಾಹ್ನ 2:10

31 ವರ್ಷ ಪಿಯು ಹುಡುಗರಿಗೆ ಜೀವಶಾಸ್ತ್ರ ಪಾಠ ಮಾಡಿದವನು ನಾನು. ಬ್ರೋಕಾ ಹೆಸರು ಬಂದ ಮೇಲೆ ಸುಮ್ಮನಿರಲು ಆಗಲಿಲ್ಲ.

1861ರ ಏಪ್ರಿಲ್. ಪ್ಯಾರಿಸ್ ಪಕ್ಕದ ಬಿಸೆತ್ರ್ ಆಸ್ಪತ್ರೆ. ಲೆಬೋರ್ನ್ ಎಂಬ ರೋಗಿ ಅಲ್ಲಿ 21 ವರ್ಷದಿಂದ ಇದ್ದ. ಏನು ಕೇಳಿದರೂ "ತಾನ್, ತಾನ್" ಅನ್ನುತ್ತಿದ್ದ. ಎಲ್ಲರೂ ಅವನನ್ನು ಕರೆಯುತ್ತಿದ್ದುದೂ ತಾನ್ ಎಂದೇ. ಸಿಟ್ಟು ನೆತ್ತಿಗೇರಿದಾಗ ಮಾತ್ರ ದೇವರ ಹೆಸರು ಸೇರಿಸಿ ಒಂದು ಬೈಗುಳ ಸ್ಪಷ್ಟವಾಗಿ ಬರುತ್ತಿತ್ತಂತೆ. ಕಾಲಿನ ಸೋಂಕಿನಿಂದ ಅಲ್ಲಿನ ಸರ್ಜನ್ ಬ್ರೋಕಾ ಅವರ ಕೈಗೆ ಬಂದ, ಕೆಲವೇ ದಿನದಲ್ಲಿ ತೀರಿಕೊಂಡ. ಮರುದಿನವೇ ಬ್ರೋಕಾ ಆ ಮಿದುಳನ್ನು ವಿದ್ವಾಂಸರ ಸಭೆಯ ಮುಂದಿಟ್ಟರು. ಎಡ ಹಣೆಯ ಹಿಂದೆ, ಸ್ವಲ್ಪ ಕೆಳಗೆ, ಕೋಳಿಮೊಟ್ಟೆಯಷ್ಟು ಜಾಗ ಹಾಳಾಗಿತ್ತು.

ಆ ಮಿದುಳು ಪ್ಯಾರಿಸ್ಸಿನಲ್ಲಿ ಇವತ್ತಿಗೂ ಇದೆ. ಬ್ರೋಕಾ ಅದನ್ನು ಕತ್ತರಿಸದೆ ಇಡಿಯಾಗಿ ಉಳಿಸಿದ್ದರು. ಅದಕ್ಕೇ 2007ರಲ್ಲಿ ಅದನ್ನು ಎಂಆರ್‌ಐ ಯಂತ್ರದಲ್ಲಿಟ್ಟು ನೋಡಲು ಆಯಿತು. ಪೆಟ್ಟು ಮೇಲ್ಪದರದಲ್ಲಿ ನಿಂತಿರಲಿಲ್ಲ, ಒಳಗಿನ ನರತಂತುಗಳ ಕಟ್ಟಿನವರೆಗೂ ಇಳಿದಿತ್ತು. ಅಂದರೆ ಮಾತು ಅನ್ನುವುದು ಒಂದೇ ಕೋಣೆಯ ಕೆಲಸ ಅಲ್ಲ, ಕೋಣೆಗಳ ನಡುವಿನ ಓಣಿಯೂ ಬೇಕು. ನಮ್ಮ ಪಠ್ಯಪುಸ್ತಕದಲ್ಲಿ ಒಂದು ಚುಕ್ಕೆ ಇಟ್ಟು "ಬ್ರೋಕಾ ಪ್ರದೇಶ" ಎಂದು ಬಾಣ ಹಾಕಿರುತ್ತಾರೆ. ನಾನೂ ವರ್ಷಗಟ್ಟಲೆ ಬೋರ್ಡಿನ ಮೇಲೆ ಹಾಗೇ ಬಾಣ ಎಳೆದೆ.

ಕುತೂಹಲಿ22 · ಜೂನ್ 15, ಸಂಜೆ 6:48

ಒಂದು ಡೌಟ್. ನಾವು ಮಿದುಳಿನಲ್ಲಿ ಶೇಕಡ 10 ಮಾತ್ರ ಬಳಸುತ್ತೇವೆ ಅಂತಾರಲ್ಲ? ಉಳಿದ 90 ಖಾಲಿ ಇದ್ದರೆ ಅಂಕಲ್‌ಗೆ ಅಲ್ಲಿಂದ ಮಾತು ಬರಿಸಬಹುದಲ್ವಾ?

ನಿವೃತ್ತ ಮೇಷ್ಟ್ರು · ಜೂನ್ 15, ರಾತ್ರಿ 8:20

ತಮ್ಮಾ, ಈ ಹತ್ತು ಪರ್ಸೆಂಟ್ ಕಥೆ ಹುಟ್ಟುಹಾಕಿದವರು ಯಾರೋ, ನನ್ನ ಕೈಗೆ ಸಿಗಲಿ.

ಲೆಕ್ಕ ನೋಡು. ದೇಹದ ತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ 2. ಆದರೆ ಸುಮ್ಮನೆ ಕೂತಿರುವಾಗಲೂ ದೇಹದ ಒಟ್ಟು ಶಕ್ತಿಯಲ್ಲಿ ನೂರಕ್ಕೆ 20ರಷ್ಟನ್ನು ಇದೊಂದೇ ತಿನ್ನುತ್ತದೆ. ಕೆಲಸ ಇಲ್ಲದ 90 ಭಾಗಕ್ಕೆ ದೇಹ ಇಷ್ಟು ಊಟ ಹಾಕುತ್ತಾ ಕೂರುತ್ತದಾ? ಇನ್ನೊಂದು: ಒಳಗೆ, ಸರಿಯಾದ ಜಾಗದಲ್ಲಿ, ಬಟಾಣಿ ಕಾಳಿನಷ್ಟು ಹಾಳಾದರೆ ಅರ್ಧ ಮೈ ಬಿದ್ದುಹೋಗುತ್ತದೆ. ಖಾಲಿ ಸೈಟ್ ಎಲ್ಲೂ ಇಲ್ಲ. ಪಕ್ಕದ ಮನೆಯವರು ಸ್ವಲ್ಪ ಜಾಗ ಬಿಟ್ಟುಕೊಡಬಹುದು, ಅದು ಬೇರೆ ವಿಷಯ. ತೋಟದಮನೆಯವರ ಅಪ್ಪನ ಆಸೆ ಇರುವುದೂ ಅಲ್ಲೇ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಸಂಗ್ರಹಾಲಯ ಇದೆ. ಮಕ್ಕಳನ್ನು ಕರೆದುಕೊಂಡು ಹೋಗಿದ್ದಾಗ ನಿಜವಾದ ಮನುಷ್ಯನ ಮಿದುಳನ್ನು ಕೈಗೆ ಕೊಟ್ಟರು. ಗ್ಲೌಸ್ ಹಾಕಿಕೊಂಡು ಹಿಡಿದೆ. ಗಾತ್ರದಲ್ಲಿ ಒಂದು ಸಾಧಾರಣ ಹೂಕೋಸು. ಆದರೆ ಭಾರ! ಒಂದೂ ಕಾಲು, ಒಂದೂವರೆ ಕಿಲೋ ನಡುವೆ. ಅದು ಫಾರ್ಮಲಿನ್‌ನಲ್ಲಿ ಗಟ್ಟಿಯಾದದ್ದು, ರಬ್ಬರಿನ ಹಾಗೆ ಇತ್ತು. ಬದುಕಿರುವಾಗ ಅದು ಗಿಣ್ಣಿನ ಹಾಗೆ ಮೆತ್ತಗೆ. ಬೆರಳಿಟ್ಟರೆ ಕುಸಿಯುತ್ತದೆ. ಅದಕ್ಕೇ ತಲೆಬುರುಡೆಯೊಳಗೆ ನೀರಿನಂಥ ದ್ರವದಲ್ಲಿ ತೇಲುತ್ತಿರುತ್ತದೆ. ತೇಲುವಾಗ ಅದರ ಭಾರ 50 ಗ್ರಾಂನಷ್ಟೇ ಅನ್ನಿಸುತ್ತದೆ. ಇಲ್ಲದಿದ್ದರೆ ತನ್ನ ಭಾರಕ್ಕೆ ತಾನೇ ಕೆಳಗಿನ ರಕ್ತನಾಳಗಳನ್ನು ಅದುಮಿಬಿಡುತ್ತಿತ್ತು.

ಮೇಲ್ಪದರ ಎಷ್ಟು ದಪ್ಪ ಗೊತ್ತಾ? 2ರಿಂದ 4 ಮಿಲಿಮೀಟರ್. ಬಿಡಿಸಿ ಹಾಸಿದರೆ ಹೆಚ್ಚುಕಡಿಮೆ ದಿನಪತ್ರಿಕೆಯ ಒಂದು ಪುಟದಷ್ಟು. ಅಷ್ಟನ್ನು ಬುರುಡೆಯೊಳಗೆ ತುರುಕಲು ಮುದುರಿ ಮುದುರಿ ಇಟ್ಟಿದೆ, ಮೂರರಲ್ಲಿ ಎರಡು ಪಾಲು ಸುಕ್ಕಿನೊಳಗೇ ಅಡಗಿದೆ. ನೋಡುವುದು ಹಿಂಭಾಗದಲ್ಲಿ, ಕೇಳುವುದು ಕಿವಿಯ ಮೇಲ್ಗಡೆ, ಮುಟ್ಟಿದ್ದು ತಿಳಿಯುವುದು ನೆತ್ತಿಯ ಪಟ್ಟಿಯಲ್ಲಿ, ಯೋಚನೆ ಮತ್ತು ತಾಳ್ಮೆ ಹಣೆಯ ಹಿಂದೆ.

ಹಿಂದೆ ಕೆಳಗೆ ಇನ್ನೊಂದು ಪುಟ್ಟ ಮಿದುಳು ನೇತಾಡುತ್ತಿರುತ್ತದೆ. ಅನುಮಸ್ತಿಷ್ಕ. ತೂಕದಲ್ಲಿ ಹತ್ತರಲ್ಲೊಂದು ಪಾಲು. ಆದರೆ ಬ್ರೆಜಿಲ್ಲಿನ ಸುಜಾನಾ ಹೆರ್ಕುಲಾನೊ-ಹೌಜೆಲ್ ಅವರ ತಂಡ 2009ರಲ್ಲಿ ಎಣಿಸಿದಾಗ, ಮನುಷ್ಯನ ಒಟ್ಟು 8,600 ಕೋಟಿ ನರಕೋಶಗಳಲ್ಲಿ 6,900 ಕೋಟಿ ಇಲ್ಲೇ ಸಿಕ್ಕವು. ಎಣಿಸಿದ ರೀತಿಯೂ ಮಜವಾಗಿದೆ. ಮಿದುಳನ್ನು ಕದಡಿ ಸಾರು ಮಾಡಿ, ಸಾರಿನ ಒಂದು ಹನಿಯಲ್ಲಿ ಎಷ್ಟು ಕೋಶಕೇಂದ್ರ ಇದೆ ಎಂದು ನೋಡಿ ಗುಣಿಸಿದರು. ಈ ಪುಟ್ಟ ಮಿದುಳೇ ಚಲನೆಯ ಲಯ ಕಾಯುವುದು. ಕುಡಿದವನು ತೂರಾಡುವುದು ಮುಖ್ಯವಾಗಿ ಇದಕ್ಕೆ ಅಮಲೇರಿದಾಗ. ಭಾಗವತರ ಕೈಯ ತಾಳದಲ್ಲೂ ಇದರ ಪಾಲಿದೆ.

ಹುಬ್ಬಳ್ಳಿ ಮಂದಿ · ಜೂನ್ 16, ಬೆಳಗ್ಗೆ 8:15

ನಮ್ಮ ಕಾಕಾಗ ಲಕ್ವಾ ಹೊಡೆದದ್ದು ಎಡಗಡೆ. ಅಂದರೆ ಮಿದುಳಿನ ಬಲಗಡೆ ಪೆಟ್ಟು. ಮಾತಿಗೆ ಏನೂ ಆಗಲಿಲ್ಲರೀ, ಮೊದಲಿಗಿಂತ ಜಾಸ್ತಿನೇ ಮಾತಾಡುತ್ತಿದ್ದರು. ತೊಂದರೆ ಬೇರೆ ಇತ್ತು. ತಟ್ಟೆಯ ಬಲಭಾಗದಲ್ಲಿ ಇದ್ದದ್ದನ್ನಷ್ಟೇ ತಿನ್ನುತ್ತಿದ್ದರು. ರೊಟ್ಟಿ ಅರ್ಧಕ್ಕೆ ಮುರಿದ ಹಾಗೆ ಎಡಭಾಗ ಹಾಗೇ ಉಳಿಯುತ್ತಿತ್ತು. ಎಡಕ್ಕೆ ಇಟ್ಟ ಪಲ್ಯ ಕಾಣದೆ "ನನಗ ಪಲ್ಯ ಹಾಕಿಲ್ಲ, ಈ ಮನಿಯಾಗ ನನಗ ಕಿಮ್ಮತ್ತಿಲ್ಲ" ಎಂದು ಕಾಕುನ ಜೋಡಿ ದಿನಾ ಜಗಳ. ಕಣ್ಣಿನ ಡಾಕ್ಟರಿಗೆ ತೋರಿಸಿದೆವು. ಕಣ್ಣು ಸರಿ ಇದೆ ಅಂದರು. "ಎಡಗೈ ಎತ್ತಿ" ಅಂದರೆ "ಎತ್ತೀನಲ್ಲ" ಅನ್ನುತ್ತಿದ್ದರು. ಕೈ ಮಾತ್ರ ಇಟ್ಟಲ್ಲೇ ಇರುತ್ತಿತ್ತು.

ಕೊನೆಗೆ ಒಬ್ಬ ಫಿಸಿಯೋಥೆರಪಿ ಹುಡುಗ ಬಂದು ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದ. ಪಲ್ಯ ಬಲಕ್ಕೆ ಬಂತು. ಕಾಕಾ ತಿಂದರು, ಜಗಳ ನಿಂತಿತು.

ಇದಕ್ಕೂ ಮುಂಚೆ ಎರಡು ದಿನ ನಾವು ಎಣ್ಣೆ ಹಚ್ಚುವವರ ಕಡೆ ಅಲೆದಾಡಿ ಕಳೆದಿದ್ದೆವು. ಅದನ್ನು ನೆನಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮಾತಿನಮನೆ · ಜೂನ್ 16, ಬೆಳಗ್ಗೆ 10:00

ನಿಮ್ಮ ಕಾಕಾ ಸುಳ್ಳು ಹೇಳುತ್ತಿರಲಿಲ್ಲ. ಬಲ ಮಿದುಳಿಗೆ, ಅದರಲ್ಲೂ ನೆತ್ತಿಯ ಹಿಂಭಾಗಕ್ಕೆ ಪೆಟ್ಟು ಬಿದ್ದರೆ ಎಡಗಡೆಯ ಪ್ರಪಂಚವೇ ಗಮನದಿಂದ ಜಾರಿಹೋಗಬಹುದು. ಕಣ್ಣು ನೋಡುತ್ತದೆ, ಮಿದುಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಿದ್ದ ಕೈಯನ್ನು ಬಿದ್ದಿಲ್ಲ ಅನ್ನುವುದಕ್ಕೂ ಒಂದು ಹೆಸರಿದೆ, 1914ರಲ್ಲಿ ಬಬಿನ್‌ಸ್ಕಿ ಕೊಟ್ಟದ್ದು. ಹೆಸರು ಉದ್ದ, ಬಿಡಿ. ತಟ್ಟೆ ತಿರುಗಿಸಿದ ಹುಡುಗನಿಗೆ ನನ್ನ ನಮಸ್ಕಾರ.

ರಾತ್ರಿಪಾಳಿ · ಜೂನ್ 17, ನಸುಕು 3:40

ನಾನು ನರ್ಸ್. ಈಗ ವಾರ್ಡ್ ಸ್ವಲ್ಪ ಶಾಂತವಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ.

ತೋಟದಮನೆ ಅವರ ಆ ಮೂರು ಗಂಟೆ ಓದಿ ಸಂಕಟ ಆಯಿತು. ಮಿದುಳಿನ ದೊಡ್ಡ ರಕ್ತನಾಳ ಕಟ್ಟಿಕೊಂಡರೆ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶ ಸಾಯುತ್ತವೆ ಎಂದು ಲೆಕ್ಕ ಹಾಕಿದ್ದಾರೆ. ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೊದಲು ಸಿ.ಟಿ. ಆಗಲೇಬೇಕು. ಯಾಕೆಂದರೆ ಕೆಲವರಿಗೆ ಹೆಪ್ಪಲ್ಲ, ರಕ್ತನಾಳ ಒಡೆದಿರುತ್ತದೆ. ಅವರಿಗೆ ಆ ಇಂಜೆಕ್ಷನ್ ಕೊಟ್ಟರೆ ಪ್ರಾಣಕ್ಕೇ ಕುತ್ತು. ಹೊರಗಿನಿಂದ ನೋಡಿ ಯಾವುದು ಎಂದು ಹೇಳಲು ಯಾರಿಗೂ ಆಗುವುದಿಲ್ಲ. ಕೆಲವರಿಗೆ ರಕ್ತನಾಳದೊಳಗೆ ಸಣ್ಣ ಕೊಳವೆ ತೂರಿಸಿ ಹೆಪ್ಪನ್ನು ಎಳೆದು ತೆಗೆಯುತ್ತಾರೆ, ಅದಕ್ಕೆ ಆಯ್ದ ರೋಗಿಗಳಲ್ಲಿ 24 ಗಂಟೆಯವರೆಗೂ ಅವಕಾಶ ಇದೆ.

ಬಾಯಿ ವಾಲಿತಾ, ಕೈ ಎತ್ತಿದರೆ ಒಂದು ಕೆಳಗೆ ಇಳಿಯಿತಾ, ಮಾತು ತೊದಲಿತಾ? ಇದರಲ್ಲಿ ಒಂದು ಇದ್ದರೂ ಗಡಿಯಾರ ನೋಡಿ, ಸಿ.ಟಿ. ಇರುವ ಆಸ್ಪತ್ರೆಗೆ ನೇರ ಹೋಗಿ. ಕೊನೆಯ ಸಲ ಚೆನ್ನಾಗಿದ್ದದ್ದು ಎಷ್ಟು ಗಂಟೆಗೆ ಅನ್ನುವುದನ್ನು ಬರೆದಿಟ್ಟುಕೊಳ್ಳಿ, ಡಾಕ್ಟರ್ ಮೊದಲು ಕೇಳುವುದೇ ಅದು. ಮಾತ್ರೆ, ನೀರು ಏನೂ ಕುಡಿಸಬೇಡಿ. ನುಂಗಲು ಆಗದೆ ಶ್ವಾಸಕೋಶಕ್ಕೆ ಹೋಗುತ್ತದೆ.

ತೋಟದಮನೆ · ಜೂನ್ 17, ಬೆಳಗ್ಗೆ 6:30

ಇನ್ನೊಂದು ಕೇಳಬೇಕಿತ್ತು. ಕಾಲು ಇಷ್ಟು ಬೇಗ ಸುಧಾರಿಸಿತು, ಕೈ ಯಾಕೆ ಇಲ್ಲ? ಒಂದೇ ದಿನ ಎರಡೂ ಬಿದ್ದದ್ದಲ್ವಾ?

ನಿವೃತ್ತ ಮೇಷ್ಟ್ರು · ಜೂನ್ 17, ಬೆಳಗ್ಗೆ 11:15

ಒಳ್ಳೆಯ ಪ್ರಶ್ನೆ. ಎರಡು ಕೈಯಿಂದ ನಿಮ್ಮ ತಲೆಗೆ ಹೆಡ್‌ಫೋನ್ ಹಾಕಿಕೊಂಡ ಹಾಗೆ ಊಹಿಸಿಕೊಳ್ಳಿ. ಆ ಪಟ್ಟಿ ಇರುವ ಜಾಗದ ಕೆಳಗೇ, ಕಿವಿಯಿಂದ ಕಿವಿಗೆ, ಮೈಯ ಸ್ನಾಯುಗಳನ್ನು ಆಡಿಸುವ ಮಿದುಳಿನ ಪಟ್ಟಿ ಇದೆ. ಕೆನಡಾದ ಪೆನ್‌ಫೀಲ್ಡ್ ಎಂಬ ಸರ್ಜನ್ ಎಚ್ಚರವಿದ್ದ ರೋಗಿಗಳ ಮಿದುಳಿಗೆ ಸಣ್ಣ ವಿದ್ಯುತ್ ಮುಟ್ಟಿಸಿ ಇದರ ನಕ್ಷೆ ಬರೆದರು. ಮಿದುಳಿಗೆ ತನ್ನದೇ ನೋವು ಗೊತ್ತಾಗುವುದಿಲ್ಲ, ಹಾಗಾಗಿ ರೋಗಿ ಮಾತಾಡುತ್ತಲೇ ಇರಬಹುದು. ನಕ್ಷೆಯಲ್ಲಿ ಮನುಷ್ಯ ತಲೆಕೆಳಗಾಗಿದ್ದಾನೆ. ಕಾಲು ನೆತ್ತಿಯ ಮೇಲೆ, ಎರಡು ಅರ್ಧಗಳ ನಡುವಿನ ಸಂದಿಗೆ ಇಳಿದುಕೊಂಡಿದೆ. ಕೈ ಪಕ್ಕದಲ್ಲಿ, ಮುಖ ಮತ್ತು ಬಾಯಿ ಇನ್ನೂ ಕೆಳಗೆ. ಕೈಗೆ ಮತ್ತು ತುಟಿಗೆ ಕೊಟ್ಟ ಜಾಗ ಬೆನ್ನಿಗಿಂತ ಎಷ್ಟೋ ಪಟ್ಟು ದೊಡ್ಡದು.

ಈಗ ನೀರಾವರಿ ನೋಡಿ, ನಿಮಗೆ ತೋಟ ಇದೆ, ಬೇಗ ತಿಳಿಯುತ್ತದೆ. ಪಕ್ಕದ ಭಾಗಕ್ಕೆ ರಕ್ತ ಬರುವುದು ನಡು ರಕ್ತನಾಳದಿಂದ. ಕೈ, ಮುಖ, ಬ್ರೋಕಾ ಪ್ರದೇಶ ಮೂರೂ ಒಂದೇ ಕಾಲುವೆಯ ಕೆಳಗೆ. ನೆತ್ತಿಯ ಸಂದಿಯಲ್ಲಿರುವ ಕಾಲಿನ ಜಾಗಕ್ಕೆ ಮುಂದಿನಿಂದ ಬರುವ ಬೇರೆ ಕಾಲುವೆ. ನಡು ಕಾಲುವೆ ಕಟ್ಟಿಕೊಂಡರೆ ಕೈ ಮತ್ತು ಮಾತು ಒಟ್ಟಿಗೆ ಒಣಗುತ್ತವೆ, ಕಾಲಿನ ತೋಟ ಸ್ವಲ್ಪ ಬಾಡಿ ಚೇತರಿಸಿಕೊಳ್ಳುತ್ತದೆ. ಎಡಕ್ಕೆ ಪೆಟ್ಟು ಬಿದ್ದರೆ ಬಲಗೈ ಯಾಕೆ ಅಂದರೆ, ಮಿದುಳಿನಿಂದ ಇಳಿಯುವ ತಂತುಗಳಲ್ಲಿ ಹೆಚ್ಚಿನವು ಕುತ್ತಿಗೆಗೆ ಬರುವ ಮೊದಲು, ಮಿದುಳಿನ ಬುಡದ ಮೆಡುಲ್ಲಾ ಎಂಬ ಭಾಗದಲ್ಲಿ ಎದುರು ಬದಿಗೆ ದಾಟುತ್ತವೆ.

ಸಂದೇಹ ಸುಬ್ಬಣ್ಣ · ಜೂನ್ 18, ಸಂಜೆ 5:00

ಎಲ್ಲ ಸರಿ. ಆದರೆ "ಮಾತು ಎಡ, ಹಾಡು ಬಲ" ಅನ್ನುವುದು ಬಹಳ ಸಲೀಸಾಯಿತು. ಪದ್ಯದಲ್ಲೂ ಪದ ಇದೆಯಲ್ಲ? ರಥ, ಬಾಣ ಅನ್ನುವುದು ಹಾಡಿನಲ್ಲಿ ಬಲದಿಂದ ಬಂದು, ನೀರು ಅನ್ನುವುದು ಮಾತ್ರ ಎಡದಲ್ಲಿ ಸಿಕ್ಕಿಹಾಕಿಕೊಳ್ಳುತ್ತದಾ?

ಮಾತಿನಮನೆ · ಜೂನ್ 18, ರಾತ್ರಿ 9:45

ಸುಬ್ಬಣ್ಣನವರೇ, ನಮ್ಮ ಕ್ಷೇತ್ರದವರೇ ಜಗಳ ಆಡುವ ಜಾಗಕ್ಕೆ ಬೆರಳಿಟ್ಟಿರಿ.

ರಾಗ ಒಂದೇ ಕಾರಣ ಅಲ್ಲ ಅನ್ನುವವರಿದ್ದಾರೆ. 2011ರಲ್ಲಿ ಜರ್ಮನಿಯ ಒಂದು ತಂಡ ಅಫೇಸಿಯಾ ಇರುವವರಿಂದ ಒಂದೇ ಸಾಲನ್ನು ಹಾಡಿಸಿತು, ಬರೀ ಲಯದಲ್ಲಿ ಹೇಳಿಸಿತು. ಎರಡರಲ್ಲೂ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ನೆರವಾದದ್ದು ಲಯ, ಮತ್ತೆ ಬಾಯಿಪಾಠ. ಬಾಯಿಪಾಠ ಅನ್ನುವುದು ಒಂದೊಂದೇ ಪದ ಹುಡುಕಿ ಜೋಡಿಸಿದ್ದಲ್ಲ. ಪೋಣಿಸಿಟ್ಟ ಹೂಮಾಲೆ, ಒಂದು ತುದಿ ಎಳೆದರೆ ಪೂರ್ತಿ ಬರುತ್ತದೆ. ಮಗ್ಗಿ, ವಾರದ ಹೆಸರು, ಮಂತ್ರ, ನಮಸ್ಕಾರ, ಬೈಗುಳ ಎಲ್ಲ ಈ ಜಾತಿ. ನಿಮ್ಮ ಅಪ್ಪನಿಗೆ "ರಥ" ಎಂದು ಬಿಡಿಯಾಗಿ ಹೇಳಿ ಅನ್ನಿ, ಬಹುಶಃ ಬರುವುದಿಲ್ಲ.

ಹಾಗೆಂದು ರಾಗವನ್ನು ಪೂರ್ತಿ ಬಿಟ್ಟುಬಿಡಲೂ ಆಗುವುದಿಲ್ಲ. ಸೋವಿಯತ್ ಸಂಗೀತಗಾರ ಶೆಬಾಲಿನ್ ಅವರಿಗೆ ಪಾರ್ಶ್ವವಾಯು ಆಗಿ ಮಾತು ಕೆಟ್ಟಿತು, ಬೇರೆಯವರು ಹೇಳಿದ್ದು ಅರ್ಥವಾಗುವುದೂ ಕಷ್ಟವಾಯಿತು. ಆದರೂ 1963ರಲ್ಲಿ ತೀರಿಕೊಳ್ಳುವ ಮೊದಲು ಹೊಸ ಸಿಂಫನಿ ಬರೆದು ಮುಗಿಸಿದರು. ಅದು ಬಾಯಿಪಾಠ ಅಲ್ಲ, ಹೊಸದು. ಅವರ ಬಗ್ಗೆ ನರವಿಜ್ಞಾನಿ ಲೂರಿಯಾ ವಿವರವಾಗಿ ಬರೆದಿದ್ದಾರೆ.

ಕುತೂಹಲಿ22 · ಜೂನ್ 18, ರಾತ್ರಿ 10:02

ಅಂದರೆ ಕಲಾವಿದರು ರೈಟ್ ಬ್ರೈನ್, ಎಂಜಿನಿಯರ್‌ಗಳು ಲೆಫ್ಟ್ ಬ್ರೈನ್ ಅನ್ನೋದು ನಿಜಾನೇ ಅಲ್ವಾ?

ನಿವೃತ್ತ ಮೇಷ್ಟ್ರು · ಜೂನ್ 18, ರಾತ್ರಿ 10:15

ಅಲ್ಲ. ಎರಡು ಅರ್ಧಗಳ ನಡುವೆ ಸುಮಾರು 20 ಕೋಟಿ ತಂತುಗಳ ಸೇತುವೆ ಇದೆ. ಎರಡೂ ಎಡೆಬಿಡದೆ ಮಾತಾಡಿಕೊಳ್ಳುತ್ತಿರುತ್ತವೆ. ಮಲಗು ಹೋಗು.

ಕರಾವಳಿ ಕಾಗೆ · ಜೂನ್ 21, ಮಧ್ಯಾಹ್ನ 12:30

ನಮ್ಮ ಅಮ್ಮನ ಕಥೆ ಸ್ವಲ್ಪ ಬೇರೆ ಮಾರಾಯ್ರೆ. ಮನೆಮಾತು ಕೊಂಕಣಿ, ಶಾಲೆಯಲ್ಲಿ ಪಾಠ ಮಾಡಿದ್ದು ಕನ್ನಡ, ಬೀದಿಯಲ್ಲಿ ತುಳು. ಸ್ಟ್ರೋಕ್ ಆಗಿ ಎರಡು ತಿಂಗಳ ಮೇಲೆ ಮೊದಲು ಬಂದದ್ದು ಕನ್ನಡ! ಅದೂ ಕ್ಲಾಸಿನ ಕನ್ನಡ. "ಕುಳಿತುಕೊಳ್ಳಿ", "ಗಲಾಟೆ ಮಾಡಬೇಡಿ". ಅಪ್ಪ ಹೆದರಿ ನಿಜವಾಗಿ ಕುಳಿತುಕೊಂಡರು. ತಾಯಿಭಾಷೆ ಮೊದಲು ಬರಬೇಕಲ್ವಾ?

ಮಾತಿನಮನೆ · ಜೂನ್ 21, ರಾತ್ರಿ 8:50

ಅದರ ಮೇಲೂ ಹಳೆಯ ವಾದ ಇದೆ. ಮೊದಲು ಕಲಿತದ್ದೇ ಮೊದಲು ಉಳಿಯುತ್ತದೆ ಎಂದು ಫ್ರಾನ್ಸಿನ ರಿಬೋ 1881ರಲ್ಲಿ ಹೇಳಿದರು. 1895ರಲ್ಲಿ ಪಿತ್ರ್ ಎಂಬುವರು, ಇಲ್ಲ, ಕಾಯಿಲೆಗೆ ಮುಂಚೆ ಹೆಚ್ಚು ಬಳಸುತ್ತಿದ್ದ ಭಾಷೆ ಮೊದಲು ಬರುತ್ತದೆ ಅಂದರು. ನಿಮ್ಮ ಅಮ್ಮ ಪಿತ್ರ್ ಪಕ್ಷ. ಎರಡು ಪಕ್ಷಕ್ಕೂ ಸೇರದವರೂ ಇದ್ದಾರೆ, ಹಲವರಿಗೆ ಎಲ್ಲ ಭಾಷೆ ಒಟ್ಟಿಗೆ ಸುಧಾರಿಸುತ್ತದೆ. ಥೆರಪಿ ಮಾಡುವಾಗ ಯಾವ ಭಾಷೆಯಲ್ಲಿ ಎಂದು ಮನೆಯವರನ್ನು ಕೇಳದೆ ಶುರುಮಾಡಬಾರದು ಅನ್ನುವುದು ನನ್ನ ಅಭಿಪ್ರಾಯ.

ತೋಟದಮನೆ, ನಿಮ್ಮಲ್ಲಿ ಹವ್ಯಕ ಮಾತಲ್ವಾ? ಹಾಗಿದ್ದರೆ ಮನೆಯ ಮಾತಲ್ಲೇ ಮಾಡಿ, ಪುಸ್ತಕದ ಕನ್ನಡ ಬೇಡ.

1973ರಲ್ಲಿ ಬಾಸ್ಟನ್ನಿನಲ್ಲಿ ಶುರುವಾದ ಒಂದು ವಿಧಾನ ಇದೆ. ದಿನಾ ಬೇಕಾಗುವ ಸಣ್ಣ ಮಾತನ್ನು ಎರಡೇ ಸ್ವರದಲ್ಲಿ ಎಳೆದು ಹಾಡುವುದು, ಪ್ರತಿ ಅಕ್ಷರಕ್ಕೂ ಎಡಗೈಯಲ್ಲಿ ಮೆಲ್ಲಗೆ ತಟ್ಟುವುದು. ಮೊದಲು ನೀವು ಹಾಡಿ, ಆಮೇಲೆ ಇಬ್ಬರೂ, ಆಮೇಲೆ ನೀವು ನಡುವೆ ನಿಲ್ಲಿಸಿ, ಕೊನೆಗೆ ರಾಗ ಇಳಿಸುತ್ತಾ ಮಾತಿಗೆ ತನ್ನಿ. ಎಲ್ಲರಿಗೂ ಫಲಿಸುವುದಿಲ್ಲ. ಅರ್ಥ ಚೆನ್ನಾಗಿ ಆಗುವವರಿಗೆ, ಹಾಡು ಬರುವವರಿಗೆ ಹೆಚ್ಚು ಹೊಂದುತ್ತದೆ. ಹತ್ತಿರದ ಥೆರಪಿಸ್ಟ್ ಒಬ್ಬರಿಗೆ ಒಮ್ಮೆ ತೋರಿಸಿ, ಅವರು ಮಟ್ಟ ನೋಡಿ ಹೇಳಿಕೊಡುತ್ತಾರೆ. ಅವರು ಪದ ಹುಡುಕುವಾಗ ನೀವು ಮುಗಿಸಿಕೊಡಬೇಡಿ. ಹತ್ತು ಎಣಿಸಿ. ಜೋರಾಗಿ ಮಾತಾಡಬೇಡಿ, ಅವರು ಕಿವುಡರಲ್ಲ.

ತೋಟದಮನೆ · ಜುಲೈ 9, ರಾತ್ರಿ 9:20

ತುಂಬಾ ದಿನ ಆಯಿತು, ಕ್ಷಮಿಸಿ. ಕೊಳೆರೋಗಕ್ಕೆ ಔಷಧಿ ಹೊಡೆಯುವ ಗಡಿಬಿಡಿ, ಮೇಲೆ ಈ ಮಳೆ.

"ರಥ" ಬಿಡಿಯಾಗಿ ಬರಲಿಲ್ಲ, ಮೇಡಂ ಹೇಳಿದ ಹಾಗೇ. ಆದರೆ ಮೊನ್ನೆ ಒಂದು ನಡೆಯಿತು. ಮಂಗಗಳ ಹಿಂಡು ಮನೆ ಮುಂದಿನ ಬಾಳೆಗೆ ನುಗ್ಗಿತು. ಅಪ್ಪ ಕುರ್ಚಿಯಲ್ಲಿ ಕೂತಿದ್ದವರು ಎಡಗೈ ಎತ್ತಿ "ಥೂ, ದರಿದ್ರ ಮುಂಡೇವು!" ಅಂದರು. ಇಡೀ ಕೇರಿಗೆ ಕೇಳಿಸುವ ಹಾಗೆ. ಅಮ್ಮನಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಅಪ್ಪನೂ ನಕ್ಕರು, ನಗುತ್ತಾ ಇದ್ದವರು ಅತ್ತರು, ನಿಲ್ಲಿಸಲು ಆಗಲಿಲ್ಲ. ಅದು ಸರಿಯಾ?

ನಿವೃತ್ತ ಮೇಷ್ಟ್ರು · ಜುಲೈ 9, ರಾತ್ರಿ 9:41

ಲೆಬೋರ್ನ್! ಪ್ಯಾರಿಸ್ಸಿನ ಬೈಗುಳ ಶಿರಸಿಗೆ ಬಂತು.

ಮಾತಿನಮನೆ · ಜುಲೈ 9, ರಾತ್ರಿ 10:30

ಬೈಗುಳ ಪೋಣಿಸಿಟ್ಟ ಮಾಲೆ, ಜೊತೆಗೆ ಸಿಟ್ಟಿನ ತಳ್ಳು ಬೇರೆ. ಮಿದುಳಿನ ಒಳಗಿನ ಹಳೆಯ ಭಾಗಗಳು ಅದಕ್ಕೆ ನೆರವಾಗುತ್ತವೆ. ಅಳು ನಿಲ್ಲದಿರುವುದು ಸ್ಟ್ರೋಕ್ ಆದವರಲ್ಲಿ ಕಾಣುವಂಥದ್ದೇ. ಅಳುವಿಗೂ ನಗುವಿಗೂ ಮೇಲಿನಿಂದ ಹಿಡಿಯುವ ಲಗಾಮು ಸಡಿಲ ಆಗಿರುತ್ತದೆ. ಪದೇಪದೇ ಆದರೆ ಡಾಕ್ಟರಿಗೆ ಹೇಳಿ, ಔಷಧಿ ಇದೆ. ಬೇಸರ, ಊಟ ಬೇಡ ಅನ್ನುವುದು, ನಿದ್ದೆ ಇಲ್ಲದಿರುವುದು ಕಂಡರೆ ಅದನ್ನೂ ಹೇಳಿ. ಅದು ಬೇರೆ, ಅದನ್ನು ಕಡೆಗಣಿಸಬೇಡಿ.

ಸಂದೇಹ ಸುಬ್ಬಣ್ಣ · ಜುಲೈ 10, ಬೆಳಗ್ಗೆ 7:50

ಹಟ ಅನ್ನುತ್ತಿದ್ದ ಪಕ್ಷದವರು ಈಗ ಏನಂತಾರೆ?

ತೋಟದಮನೆ · ಜುಲೈ 10, ಬೆಳಗ್ಗೆ 8:05

"ಬೈಯೋಕೆ ಬರುತ್ತೆ, ನೋಡಿದ್ರಾ" ಅಂತಾರೆ.

ತೋಟದಮನೆ · ಆಗಸ್ಟ್ 20, ರಾತ್ರಿ 9:55

ಥೆರಪಿಸ್ಟ್ ಹೇಳಿಕೊಟ್ಟ ಹಾಗೆ ದಿನಾ ಅರ್ಧ ಗಂಟೆ ಕೂರುತ್ತಿದ್ದೇವೆ. "ನೀ-ರು ಕೊ-ಡು", "ಸಾ-ಕು", "ಬೇ-ಡ". ಜೊತೆಗೆ ಹಾಡಿದರೆ ಬರುತ್ತದೆ. ನಾನು ನಿಲ್ಲಿಸಿದರೆ "ನೀ" ಎಂದು ಅಲ್ಲೇ ನಿಲ್ಲುತ್ತದೆ. "ಬೇಡ" ಮಾತ್ರ ಈಗ ಸ್ವಂತಕ್ಕೆ ಬರುತ್ತಿದೆ. ಅಮ್ಮ ಮಾಡಿದ ಗಂಜಿಗೆ ಅದನ್ನು ಧಾರಾಳವಾಗಿ ಬಳಸುತ್ತಿದ್ದಾರೆ.

ಇವತ್ತು ಮದ್ದಲೆಯವರು ಬಂದಿದ್ದರು. ಅಪ್ಪ ಪದ್ಯ ಹೇಳುವಾಗ ತಾಳ ಹಿಡಿಯಲು ಬಲಗೈ ಇಲ್ಲವಲ್ಲ, ನಾನು ಹಿಡಿದೆ. ನನಗೆ ತಾಳ ಅಷ್ಟಕ್ಕಷ್ಟೆ. ಎರಡನೇ ಆವರ್ತಕ್ಕೆ ಅಪ್ಪ ಹಾಡು ನಿಲ್ಲಿಸಿದರು. ನನ್ನ ಕೈ ನೋಡಿದರು. ಬಾಯಿ ಎರಡು ಸಲ ತೆರೆದು ಮುಚ್ಚಿದರು. ನಾನು ಹತ್ತು ಎಣಿಸುತ್ತಾ ಕೂತೆ. ಏಳಕ್ಕೋ ಎಂಟಕ್ಕೋ ಬಂತು:

"ತಾಳ… ತಪ್ಪು."

ಮಾತಿನಮನೆ · ಆಗಸ್ಟ್ 20, ರಾತ್ರಿ 9:58

ಹಾಡಿದ್ದಾ, ಹೇಳಿದ್ದಾ?

ತೋಟದಮನೆ · ಆಗಸ್ಟ್ 20, ರಾತ್ರಿ 10:03

ಹೇಳಿದ್ದು ಮೇಡಂ. ರಾಗ ಇರಲಿಲ್ಲ. ಚಿಕ್ಕವನಿದ್ದಾಗ ಹೇಳುತ್ತಿದ್ದರಲ್ಲ, ಅದೇ ದನಿಯಲ್ಲಿ. ಮದ್ದಲೆಯವರು "ಹೌದು, ತಪ್ಪು" ಅಂದರು. ನಾನು ಸರಿಮಾಡಿಕೊಂಡೆ, ಪದ್ಯ ಮುಂದುವರಿಯಿತು. ನೀರು ಇನ್ನೂ ಬಂದಿಲ್ಲ.